ಹಿರಿಸೊಸೆಯ ಟ್ರಿಗರ್

"ಅಮ್ಮಾ, ಯಾವುದನ್ನು ಕೊಳ್ಳಲಿ? ಸ್ಪ್ರಿಂಗಿನ ಟ್ರಿಗರೋ, ಬ್ಯಾಟರಿಯ ಟ್ರಿಗರೋ?" ಎಂದು ಇಂಚರ ಕೇಳಿದಳು.

ಇಂಚರ ಚನ್ನಾಜಮ್ಮನವರ ಶಿಷ್ಯೆ. ಗಾಳಿ ಪಿಸ್ತೂಲಿನಲ್ಲಿ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವುದನ್ನು ಕಲಿಯುತ್ತಿದ್ದಳು. ಅವಳು ಸೇರಿದಾಗ ಕ್ಲಬ್ಬಿನವರು ಹೊಸ ಪಿಸ್ತೂಲು ತರಿಸಿ ಅವಳೊಬ್ಬಳ ಕೈಗೇ ಕೊಟ್ಟಿದ್ದರು. ಅದು ಸ್ಪ್ರಿಂಗಿನದು. ಅದರ ಟ್ರಿಗರ್ ಒರಟು, ಎಳೆಯುವಾಗ ತಡೆಯುತ್ತದೆ, ಜಿಲ್ಲಾ ಪಂದ್ಯದಲ್ಲಿ ತಾನು ಹಿಂದೆ ಬಿದ್ದದ್ದು ಅದರಿಂದಲೇ ಎಂಬುದು ಅವಳ ದೂರು. ಈಗ ಅವಳ ತಂದೆ ಸ್ವಂತಕ್ಕೆ ಒಂದನ್ನು ಕೊಡಿಸಲು ಒಪ್ಪಿದ್ದರು. ಆರಿಸುವುದರಲ್ಲಿ ತಪ್ಪಿದರೆ ಮತ್ತೆ ಕೇಳುವಂತಿರಲಿಲ್ಲ. ಅಂಗಡಿಯವನು ಒಂದು ಹೇಳಿದ್ದ, ಮೊಬೈಲಿನಲ್ಲಿ ಓದಿದ್ದು ಇನ್ನೊಂದು ಹೇಳಿತ್ತು, ಜೊತೆಯ ಹುಡುಗಿಯರು ಎರಡನ್ನೂ ಹೇಳಿದ್ದರು.

ಚನ್ನಾಜಮ್ಮನವರು ಓದಿದ್ದು ಕಡಿಮೆ, ಗುಂಡು ಹೊಡೆದದ್ದು ಹೆಚ್ಚು, ಮಾತಾಡಿದ್ದು ಅದಕ್ಕಿಂತ ಹೆಚ್ಚು. ಅವರು ಇದು ಅದು ಎನ್ನಲಿಲ್ಲ. ಪಕ್ಕದ ಬೆಂಚಿನ ಮೇಲೆ ಅವಳನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಿ ಗಿರಣಿಯ ಯಜಮಾನನಿದ್ದ. ಊರಿನ ಹೆಸರು ಬೇಡ. ಹೇಳಿದರೆ ನೀನು ನಾಳೆಯೇ ಹೋಗಿ ಆ ಮನೆಯ ಬಾಗಿಲು ನೋಡಿಕೊಂಡು ಬರುವವಳು.

ಆ ಯಜಮಾನನಿಗೆ ಎರಡರ ಮೇಲೆ ಹೆಮ್ಮೆ. ತನ್ನ ಗಿರಣಿಯ ಅಕ್ಕಿಯಲ್ಲಿ ನುಚ್ಚು ಸಿಗಬಾರದು, ತನ್ನ ಮನೆಯವರ ಗುರಿ ಕೂದಲೆಳೆಯಷ್ಟೂ ತಪ್ಪಬಾರದು. ಹರೆಯದಲ್ಲಿ ಅವನೇ ಪಂದ್ಯಗಳಿಗೆ ಹೋಗಿ ಗೆದ್ದು ಬಂದವನು. ಗಿರಣಿಯ ಮಹಡಿಯಲ್ಲಿ ತೌಡಿನ ಮೂಟೆಗಳನ್ನು ಅಡ್ಡಕ್ಕೆ ಒಟ್ಟಿ ಗುರಿಯ ಕೋಣೆ ಮಾಡಿಕೊಂಡಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರನ್ನೂ ನಿಲ್ಲಿಸಿ ಕಲಿಸಿದ. ದೊಡ್ಡವನ ಗುಂಡು ಗೋಡೆಗೆ ಹೋಯಿತು. ಚಿಕ್ಕವನದು ಎಲ್ಲಿಗೆ ಹೋಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಜಮಾನ ಬೇಸತ್ತು ಸೊಸೆಯರ ಕೈಗೆ ಪಿಸ್ತೂಲು ಕೊಟ್ಟ. ಅವತ್ತಿನಿಂದ ಊರಿನ ಬಾಯಿಗೆ ಕೆಲಸ ಸಿಕ್ಕಿತು.

ಹಿರಿಸೊಸೆ ಇಲ್ಲದವರ ಮನೆಯಿಂದ ಬಂದವಳು. ಮಾವನೇ ಅವಳಿಗೆ ಹೊಸ ಪಿಸ್ತೂಲು ತರಿಸಿಕೊಟ್ಟ. ಸ್ಪ್ರಿಂಗಿನ ಟ್ರಿಗರ್. ಅದರ ಒಳಗೆ ಭತ್ತದ ಕಾಳಿನಷ್ಟು ಒಂದು ಉಕ್ಕಿನ ಕೊಕ್ಕೆ ಇರುತ್ತದೆ. ಕೊಕ್ಕೆಯ ಅಂಚು ಇನ್ನೊಂದು ಉಕ್ಕಿನ ಅಂಚಿಗೆ ಸಿಕ್ಕಿಕೊಂಡು ನಿಂತಿರುತ್ತದೆ. ಬೆರಳು ಎಳೆದಾಗ ಅಂಚು ಅಂಚನ್ನು ಉಜ್ಜಿಕೊಂಡು ಜಾರುತ್ತದೆ. ಆಗ ಗುಂಡು ಹೊರಡುತ್ತದೆ.

ಕಿರಿಸೊಸೆ ಉಳ್ಳವರ ಮಗಳು. ತವರಿನವರು ಮದುವೆಯಲ್ಲಿ ಕೊಟ್ಟ ಸಾಮಾನಿನ ಜೊತೆ ಒಂದು ಪಿಸ್ತೂಲೂ ಬಂತು. ಬ್ಯಾಟರಿಯ ಟ್ರಿಗರ್. ಒಳಗೆ ಕೊಕ್ಕೆಯಿಲ್ಲ, ಉಜ್ಜುವ ಅಂಚಿಲ್ಲ. ಬೆರಳು ಎಳೆದರೆ ಕರೆಂಟು ಹರಿದು ಗಾಳಿಯ ಬಾಗಿಲು ತೆಗೆಯುತ್ತದೆ. ಮೊದಲ ದಿನ ಹೇಗೋ ಕೊನೆಯ ದಿನವೂ ಹಾಗೆಯೇ. ಮದುವೆಮನೆಯಲ್ಲಿ ಹೆಂಗಸರು ಒಡವೆ ನೋಡುವುದನ್ನು ಬಿಟ್ಟು ಪಿಸ್ತೂಲು ನೋಡಲು ನುಗ್ಗಿದರು. ಅಳಿಯನನ್ನು ಹೆದರಿಸಲು ಕಳಿಸಿದ್ದಾರೆ ಎಂದಳು ಒಬ್ಬಳು. ಸುಳ್ಳು. ಆ ಅಳಿಯ ಪಿಸ್ತೂಲಿಲ್ಲದೆಯೂ ಹೆದರುವವನೇ.

ಎರಡು ಬಗೆಯ ಟ್ರಿಗರ್ ಒಂದೇ ಮನೆಗೆ ಬಂದದ್ದೇ ತಡ, ಪಿಸ್ತೂಲು ಮುಟ್ಟದವರೂ ಪಕ್ಷ ಹಿಡಿದರು. ಹೋಟೆಲಿನ ಬೆಂಚಿನ ಮೇಲೆ ಕೂತವರು ಸ್ಪ್ರಿಂಗಿನ ಪಕ್ಷ, ಬ್ಯಾಂಕಿನವರು ಬ್ಯಾಟರಿಯ ಪಕ್ಷ. ಬ್ಯಾಟರಿ ನಡುವೆ ಸತ್ತರೆ ಕಿರಿಸೊಸೆ ಬಾಯಲ್ಲಿ ಢಂ ಅನ್ನಬೇಕೇ ಎಂದು ಹೋಟೆಲಿನವರು ಕೇಳಿದರು. ಸ್ಪ್ರಿಂಗು ಸಡಿಲವಾದರೆ ಹಿರಿಸೊಸೆ ಹಲ್ಲಿನಿಂದ ಬಿಗಿಯಬೇಕೇ ಎಂದು ಬ್ಯಾಂಕಿನವರು ಕೇಳಿದರು. ಸೊಸೆಯರು ಮಾತ್ರ ಈ ಮಾತಿಗೆ ಬರಲಿಲ್ಲ. ಒಬ್ಬಳು ಹೊಡೆಯುವಾಗ ಇನ್ನೊಬ್ಬಳು ಗುರಿಯ ಕಾಗದ ಬದಲಿಸುತ್ತಿದ್ದಳು. ಆ ಮನೆಯಲ್ಲಿ ಜಗಳ ಆಗಬೇಕೆಂದು ಕಾದು ಕೂತಿದ್ದವರಿಗೆ ಅದೇ ದೊಡ್ಡ ಸಂಕಟ.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ.

ಪಂದ್ಯದ ನಿಯಮ ನಿನಗೆ ಗೊತ್ತು. ಟ್ರಿಗರ್ ಅರ್ಧ ಕೆಜಿಗಿಂತ ಹಗುರ ಇರಬಾರದು. ಪಿಸ್ತೂಲಿನ ಮೂತಿಯನ್ನು ಮೇಲೆ ಮಾಡಿ, ಟ್ರಿಗರಿಗೆ ಅರ್ಧ ಕೆಜಿ ನೇತುಹಾಕಿ ಎತ್ತುತ್ತಾರೆ. ಹಿಡಿದು ನಿಂತರೆ ಸರಿ. ಬಿಟ್ಟುಕೊಟ್ಟರೆ ಪಂದ್ಯದಿಂದ ಹೊರಗೆ. ಅದಕ್ಕೇ ಗುರಿಗಾರರು ಮನೆಯಲ್ಲಿ ಆಗಾಗ ತೂಗಿ ನೋಡಿಕೊಳ್ಳುತ್ತಾರೆ. ಈ ಮನೆಯಲ್ಲಿ ಅದು ನಡೆಯಲಿಲ್ಲ. ಅತ್ತೆ ಬೆಳಗಾಗೆದ್ದು ಗಿರಣಿಯ ತಕ್ಕಡಿಗೂ ತೂಕದ ಕಲ್ಲುಗಳಿಗೂ ಅರಿಶಿನ ಕುಂಕುಮ ಇಟ್ಟು ಕೈಮುಗಿಯುವವಳು. ಒಂದು ದಿನ ಯಜಮಾನ ಅರ್ಧ ಕೆಜಿ ಕಲ್ಲಿಗೆ ದಾರ ಕಟ್ಟಿ ಟ್ರಿಗರಿಗೆ ನೇತುಹಾಕಿದ್ದನ್ನು ಕಂಡಳು. ಅನ್ನ ತೂಗುವ ಲಕ್ಷ್ಮಿಗೆ ನೇಣು ಹಾಕಿದ್ದಾನೆ ಎಂದು ಊಟ ಬಿಟ್ಟು ಕೂತಳು. ಯಜಮಾನ ಕಲ್ಲು ಬಿಚ್ಚಿಟ್ಟ. ಬೇರೆ ಕಲ್ಲು ತರಿಸುತ್ತೇನೆ ಎಂದ. ಹೊಸ್ತಿಲು ದಾಟಿ ಬಂದ ಕಲ್ಲೆಲ್ಲ ಲಕ್ಷ್ಮಿಯೇ ಎಂದಳು. ಗಿರಣಿಯಲ್ಲಿ ಹುಲಿಯಾಗಿದ್ದ ಯಜಮಾನ ಮನೆಯೊಳಗೆ ಏನಾಗಿದ್ದ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವನು ತೂಗುವುದನ್ನೇ ಬಿಟ್ಟ. ಅಂಗಡಿಯಲ್ಲಿ ತೂಗಿ ಕೊಟ್ಟಿದ್ದಾರೆ, ಪಂದ್ಯದಲ್ಲಿ ಹೇಗೂ ತೂಗುತ್ತಾರೆ, ಅಷ್ಟು ಸಾಕು ಎಂದುಕೊಂಡ.

ಯಜಮಾನನಿಗೆ ಇನ್ನೊಂದು ಚಾಳಿಯಿತ್ತು. ಯಾರೇ ಮನೆಗೆ ಬರಲಿ, ಹಿರಿಸೊಸೆಯನ್ನು ತೋರಿಸಿ, ಇವಳು ಭಾನುವಾರ ಮಾತ್ರ ಪಿಸ್ತೂಲು ಮುಟ್ಟುತ್ತಾಳೆ, ಹುಟ್ಟುತ್ತಲೇ ಗುರಿ ಕಲಿತು ಬಂದವಳು ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನ ಎದೆ ಒಂದು ಗೇಣು ಹಿಗ್ಗುತ್ತಿತ್ತು. ಅವಳು ಕಾಫಿ ಲೋಟ ಇಟ್ಟು ಒಳಗೆ ಹೋಗುತ್ತಿದ್ದಳು.

ನಿಜ ಬೇರೆಯಿತ್ತು. ಮಧ್ಯಾಹ್ನ ಊಟವಾಗಿ ಮನೆಯವರೆಲ್ಲ ಮಲಗಿದ ಮೇಲೆ ಅವಳು ಭತ್ತದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗುಂಡು ಹಾಕದೆ, ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿಯಿಟ್ಟು, ಬರಿಯ ಟ್ರಿಗರ್ ಎಳೆಯುತ್ತಿದ್ದಳು. ಟಿಕ್. ತೋಳು ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತುತ್ತಿದ್ದಳು. ಟಿಕ್. ಹಬ್ಬ ಬರಲಿ, ನೆಂಟರು ಬರಲಿ, ಮೈಯಲ್ಲಿ ಜ್ವರ ಇರಲಿ, ಆ ಹೊತ್ತಿಗೆ ಅವಳು ಅಲ್ಲಿ. ಮಾವ ಹೇಳುವ ಮಾತು ಸುಳ್ಳಾಗಬಾರದೆಂದು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಅವನಿಗೆ ಹೇಳುವುದೂ ಊರಿಗೆ ಡಂಗುರ ಹೊಡೆಸುವುದೂ ಒಂದೇ ಆಗಿತ್ತು.

ಆದರೆ ಗೋಡೆಯ ಆಚೆ ಲಾಯರ ಮನೆ. ಲಾಯರ ಹೆಂಡತಿಯ ಕಿವಿ ಹೇಗಿತ್ತೆಂದರೆ, ಮೂರನೆಯ ಮನೆಯಲ್ಲಿ ಸಾಸಿವೆ ಸಿಡಿದರೆ ಯಾವ ಎಣ್ಣೆ ಎಂದು ಹೇಳುತ್ತಿದ್ದಳು. ಅವಳಿಗೆ ಈ ಟಿಕ್ ಸದ್ದು ಕೇಳಿಸಿತು. ಮೊದಲು, ಹಿರಿಸೊಸೆ ಕದ್ದು ಹುಣಸೆಬೀಜ ಒಡೆದು ತಿನ್ನುತ್ತಾಳೆ ಎಂದಳು. ಅದಕ್ಕೆ ರುಚಿ ಸಾಲಲಿಲ್ಲ. ಆಮೇಲೆ, ಅತ್ತೆಯ ಪೆಟ್ಟಿಗೆಗೆ ಕಳ್ಳ ಬೀಗದಕೈ ಹಾಕಿ ನೋಡುತ್ತಾಳೆ ಎಂದಳು. ಕೊನೆಗೆ, ಹಿಂದಿನ ಕಿಟಕಿಯಲ್ಲಿ ಯಾರಿಗೋ ಸನ್ನೆ ಕೊಡುತ್ತಾಳೆ ಎಂದಳು. ಅದು ಬಹಳ ದೂರ ಹೋಯಿತು. ಬಸ್ಸು ಹತ್ತಿ ಪಕ್ಕದ ಊರಿಗೂ ಹೋಯಿತು. ಆಮೇಲೆ ಯಾರೋ ಒಬ್ಬಳು, ಆ ಕಿಟಕಿಯ ಎದುರಿಗೆ ಇರುವುದು ನಿಮ್ಮದೇ ಮನೆಯಲ್ಲವೇ, ಅಲ್ಲಿರುವ ಗಂಡಸು ನಿಮ್ಮ ಯಜಮಾನರೊಬ್ಬರೇ ಅಲ್ಲವೇ ಎಂದು ಕೇಳಿದಳು. ಲಾಯರ ಹೆಂಡತಿ ಅವತ್ತು ಸಂಜೆಯೇ ಆ ಮಾತನ್ನು ವಾಪಸು ತೆಗೆದುಕೊಂಡು ಹುಣಸೆಬೀಜಕ್ಕೆ ಮರಳಿದಳು.

ದಸರೆಗೆ ಸ್ವಲ್ಪ ಮುಂಚೆ ರಾಜ್ಯ ಮಟ್ಟದ ಪಂದ್ಯ ಬಂತು. ಗೆದ್ದವಳಿಗೆ ರಾಜ್ಯದ ತಂಡದಲ್ಲಿ ಜಾಗ. ಓರಗಿತ್ತಿಯರಿಬ್ಬರೂ ಹೋದರು. ಮೊದಲು ಟ್ರಿಗರ್ ತೂಗಿದರು. ಹಿರಿಸೊಸೆಯದು ಹಿಡಿಯಿತು, ಕಿರಿಸೊಸೆಯದೂ ಹಿಡಿಯಿತು. ಪಂದ್ಯ ನಡೆಯಿತು. ಹಿರಿಸೊಸೆ ಮೊದಲು, ಕಿರಿಸೊಸೆ ಎರಡನೆಯವಳು. ಯಜಮಾನ ಎದ್ದು ನಿಂತು ಅಕ್ಕಪಕ್ಕದವರಿಗೆಲ್ಲ, ಇಬ್ಬರೂ ನಮ್ಮವರೇ ಎಂದು ಹೇಳತೊಡಗಿದ. ಕೇಳದವರಿಗೂ ಹೇಳಿದ.

ಆಗ ಪಂದ್ಯ ಮುಗಿದ ಮೇಲಿನ ತಪಾಸಣೆಗೆ ಚೀಟಿ ಎತ್ತಿದರು. ಹಿರಿಸೊಸೆಯ ಹೆಸರು ಬಂತು. ತೀರ್ಪುಗಾರರು ಅರ್ಧ ಕೆಜಿ ನೇತುಹಾಕಿ ಎತ್ತಿದರು. ಟ್ರಿಗರ್ ಬಿಟ್ಟುಕೊಟ್ಟಿತು. ಮತ್ತೆ ಎತ್ತಿದರು, ಮತ್ತೆ ಬಿಟ್ಟಿತು. ಕೊನೆಯ ಸಲ ನಾನೇ ಎತ್ತುತ್ತೇನೆ ಎಂದು ಅವಳು ಕೇಳಿಕೊಂಡಳು. ಕೊಟ್ಟರು. ನಿಧಾನವಾಗಿ ಎತ್ತಿದಳು. ಎಲ್ಲರ ಎದುರಿಗೆ ಅದು ಟಿಕ್ ಎಂದಿತು.

ಅವಳನ್ನು ಹೊರಗೆ ಹಾಕಿದರು. ಚಿನ್ನದ ಪದಕವೂ ತಂಡದ ಜಾಗವೂ ಕಿರಿಸೊಸೆಗೆ ಹೋದವು.

ಬೆಳಗ್ಗೆ ಹಿಡಿದದ್ದು ಮಧ್ಯಾಹ್ನ ಬಿಟ್ಟಿತು ಎಂದರೆ ಜನ ಏನು ಹೇಳುತ್ತಾರೆ? ತೂಗಿಸಿಕೊಂಡು ಬಂದು ಒಳಗೆ ಏನೋ ಕೈಯಾಡಿಸಿದ್ದಾಳೆ ಎನ್ನುತ್ತಾರೆ. ಆದರೂ ತೀರ್ಪುಗಾರರಲ್ಲಿ ಹಿರಿಯನೊಬ್ಬ ತಿಳಿದವನು. ಅವನು ಯಜಮಾನನನ್ನು ಮೇಜಿನ ಹತ್ತಿರ ಕರೆದು, ಬಹಳ ಅಭ್ಯಾಸ ಮಾಡುವವರ ಟ್ರಿಗರ್ ತಾನೇ ಸವೆದು ಹಗುರವಾಗುವುದುಂಟು, ಕೊನೆಯ ಕೂದಲೆಳೆಯಷ್ಟು ಪಂದ್ಯದಲ್ಲೇ ಸವೆಯುವುದೂ ಉಂಟು, ಹೊರಗೆ ಹಾಕುವುದು ತಪ್ಪುವುದಿಲ್ಲ, ಆದರೆ ಮೋಸ ಎಂದು ಬರೆಯಬೇಕಾಗುವುದಿಲ್ಲ, ನಿಮ್ಮ ಸೊಸೆ ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡುತ್ತಾಳೆ ಎಂದು ಕೇಳಿದ.

ಯಜಮಾನ ಏನು ಹೇಳಿದ ಗೊತ್ತೇ? ವರ್ಷವೆಲ್ಲ ಬಂದವರಿಗೆ ಹೇಳಿದ್ದನ್ನೇ ಹೇಳಿದ. ನನ್ನ ಸೊಸೆ ಭಾನುವಾರ ಮಾತ್ರ ಮುಟ್ಟುತ್ತಾಳೆ ಎಂದ. ಆ ಸ್ಥಿತಿಯಲ್ಲೂ ಎದೆ ಸೆಟೆಸಿಕೊಂಡು ಹೇಳಿದ.

ಹಿರಿಸೊಸೆ ಪಕ್ಕದಲ್ಲೇ ನಿಂತಿದ್ದಳು. ಮಾವನ ಮುಖ ನೋಡಿದಳು. ಅಷ್ಟು ಜನರೆದುರು ಮಾವನನ್ನು ಸುಳ್ಳುಗಾರ ಮಾಡುವುದು ಅವಳಿಂದ ಆಗಲಿಲ್ಲ. ತೀರ್ಪುಗಾರ ತಲೆ ಅಲ್ಲಾಡಿಸಿ, ಒಳಗೆ ಅರ ಹಾಕಿ ಉಜ್ಜಿರಬಹುದೆಂಬ ಅನುಮಾನವಿದೆ ಎಂದು ಬರೆದುಕೊಂಡ. ವಿಚಾರಣೆ ದಸರೆಯ ನಂತರ ಎಂದ. ಮೋಸ ಎಂದು ತೀರ್ಮಾನವಾದರೆ ಅವಳು ಮತ್ತೆ ಯಾವ ಪಂದ್ಯದಲ್ಲೂ ನಿಲ್ಲುವಂತಿರಲಿಲ್ಲ.

ಸುದ್ದಿ ಅವರಿಗಿಂತ ಮೊದಲೇ ಊರು ಮುಟ್ಟಿತ್ತು. ಹೋಟೆಲಿನವರು, ಇದು ಕಿರಿಯವಳ ಕೆಲಸ, ಅಕ್ಕ ನೀರು ಕುಡಿಯಲು ಹೋದಾಗ ಸ್ಕ್ರೂ ಸಡಿಲಿಸಿದ್ದಾಳೆ ಎಂದರು. ಬ್ಯಾಂಕಿನವರು, ಇಲ್ಲ, ಹಿರಿಯವಳೇ ಅರ ಹಾಕಿದ್ದು, ಇಲ್ಲದವರ ಮನೆಯ ಬುದ್ಧಿ ಎಂದರು. ಲಾಯರ ಹೆಂಡತಿಗಂತೂ ಅದೇ ಹಬ್ಬ. ಆ ಟಿಕ್ ಟಿಕ್ ಸದ್ದು ಅರದ್ದೇ, ನಾನು ಆವತ್ತೇ ಹೇಳಿರಲಿಲ್ಲವೇ ಎಂದಳು. ಅವಳು ಆವತ್ತು ಹೇಳಿದ್ದು ಹುಣಸೆಬೀಜ. ಅದನ್ನು ನೆನಪಿಸುವ ಧೈರ್ಯ ಯಾರಿಗಿತ್ತು?

ಮನೆಯೊಳಗೆ ಮಾತು ನಿಂತಿತು. ಅತ್ತೆ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ಕಿರಿಸೊಸೆ ಪದಕವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು. ತಾನು ಏನೂ ಮಾಡಿಲ್ಲವೆಂದು ಹೇಳಿದರೆ ಅಕ್ಕನೇ ಮಾಡಿದಳೆಂದು ಹೇಳಿದ ಹಾಗಾಗುತ್ತದೆ ಎಂದು ಅವಳೂ ಸುಮ್ಮನಿದ್ದಳು. ಹಿರಿಸೊಸೆ ಮಾತ್ರ ಮೊದಲಿನ ಹಾಗೆಯೇ ಅಡುಗೆ ಮಾಡಿದಳು, ಬಡಿಸಿದಳು, ತಲೆ ಬಗ್ಗಿಸದೆ ಓಡಾಡಿದಳು. ತಪ್ಪು ಮಾಡಿದವಳು ಹೀಗೆ ಕುತ್ತಿಗೆ ನೆಟ್ಟಗೆ ಇಟ್ಟುಕೊಂಡು ಓಡಾಡುತ್ತಾಳೆಯೇ ಎಂದು ಊರಿಗೆ ಅದೊಂದು ಸಿಟ್ಟು.

ಆಯುಧಪೂಜೆ ಬಂತು. ಆ ಮನೆಯ ಆಯುಧಪೂಜೆಯನ್ನು ನೋಡಬೇಕು. ಗಿರಣಿಯ ಯಂತ್ರಗಳನ್ನೆಲ್ಲ ನಿಲ್ಲಿಸಿ, ಒಂದೊಂದನ್ನೂ ಬಿಚ್ಚಿ, ತೊಳೆದು, ಎಣ್ಣೆ ಹಚ್ಚಿ ಮತ್ತೆ ಕೂಡಿಸಬೇಕು. ಬಿಚ್ಚಿ ತೊಳೆಯದ ಸಾಮಾನಿಗೆ ಪೂಜೆಯಿಲ್ಲ. ಅದು ಯಜಮಾನನ ತಾತನ ಕಾಲದಿಂದ ಬಂದ ಕಟ್ಟಳೆ. ಗಿರಣಿಯ ಆಳುಗಳು, ನೆರೆಹೊರೆಯವರು, ಎಲ್ಲರೂ ಬರುತ್ತಾರೆ. ತಕ್ಕಡಿ, ಕಲ್ಲು, ಸುತ್ತಿಗೆ, ಮಕ್ಕಳ ಸೈಕಲ್ಲು, ಕಿರಿಸೊಸೆಯ ಪಿಸ್ತೂಲು, ಎಲ್ಲವನ್ನೂ ಜಮಖಾನದ ಮೇಲೆ ಸಾಲಾಗಿ ಇಟ್ಟಿದ್ದರು. ಮನೆಯ ಹಿರಿಸೊಸೆ ಆರತಿ ಎತ್ತಬೇಕು.

ಹಿರಿಸೊಸೆ ತನ್ನ ಪಿಸ್ತೂಲು ತಂದು ಸಾಲಿನಲ್ಲಿ ಇಡಲು ಬಗ್ಗಿದಳು. ಅತ್ತೆ ಕೈ ಅಡ್ಡ ಹಿಡಿದಳು. ಮನೆಯ ಮಾನ ತೆಗೆದ ವಸ್ತುವನ್ನು ಲಕ್ಷ್ಮಿಯ ಪಕ್ಕದಲ್ಲಿ ಇಡಬೇಡ ಎಂದಳು. ಬಂದವರೆಲ್ಲ ಹತ್ತಿರ ಸರಿದರು. ಇಂಥ ಹೊತ್ತಿನಲ್ಲಿ ಜನ ಪ್ರಸಾದಕ್ಕಿಂತ ಬೇಗ ಮುಂದೆ ಬರುತ್ತಾರೆ.

ಹಿರಿಸೊಸೆ ನೆಟ್ಟಗೆ ನಿಂತಳು. ಆ ಮನೆಗೆ ಬಂದ ಮೇಲೆ ಮೊದಲ ಸಲ ಅತ್ತೆಗೆ ಎದುರು ಹೇಳಿದಳು.

"ಇದನ್ನ ಇಡ್ದೆ ಇದ್ರೆ ಆರತಿ ತಟ್ಟೆ ನಾನು ಮುಟ್ಟಲ್ಲ, ಅತ್ತೆ. ಇದು ಮಾನ ತೆಗ್ದಿಲ್ಲ. ನಾನೂ ತೆಗ್ದಿಲ್ಲ."

ಅತ್ತೆ ಗಂಡನ ಕಡೆ ನೋಡಿದಳು. ಯಜಮಾನ ಕೈಚಾಚಿ, ಬಿಚ್ಚಿ ತೊಳೆಯದೆ ಪೂಜೆಯಿಲ್ಲ, ಕೊಡು ಎಂದ. ತೀರ್ಪುಗಾರರು ಹೊರಗಿನಿಂದ ತೂಗಿದ್ದರೇ ಹೊರತು ಬಿಚ್ಚಿ ನೋಡಿರಲಿಲ್ಲ. ಯಜಮಾನನೂ ನೋಡಿರಲಿಲ್ಲ. ನೋಡಿದರೆ ಅರದ ಗುರುತು ಕಂಡೀತು ಎಂಬ ಹೆದರಿಕೆ ಅವನಿಗೆ. ಈಗ ಕಟ್ಟಳೆ ತಪ್ಪಿಸಲಾಗಲಿಲ್ಲ. ಎಲ್ಲರ ಎದುರು ಕೂತು ಬಿಚ್ಚಿದ. ಕೊಕ್ಕೆಯನ್ನು ಹೊರಗೆ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟು ಭೂತಗನ್ನಡಿ ಹಿಡಿದ.

ಗಿರಣಿ ನಡೆಸುವವನಿಗೆ ಉಕ್ಕನ್ನು ಓದುವುದು ಬರುತ್ತದೆ. ಅರ ಹಾಕಿದ ಕಬ್ಬಿಣದ ಮೇಲೆ ಗೆರೆ ಇರುತ್ತದೆ. ಎಷ್ಟು ನಯವಾಗಿ ಹಾಕಿದರೂ ಗೆರೆ ಉಳಿಯುತ್ತದೆ. ಓಡಿ ಓಡಿ ಸವೆದ ಕಬ್ಬಿಣದ ಮೇಲೆ ಗೆರೆ ಇರುವುದಿಲ್ಲ, ಮುಖ ಕಾಣುವ ಹೊಳಪಿರುತ್ತದೆ. ಇಪ್ಪತ್ತು ವರ್ಷ ತಿರುಗಿದ ಗಿರಣಿಯ ಬೇರಿಂಗಿನಲ್ಲಿ ಅವನು ಆ ಹೊಳಪನ್ನು ಕಂಡಿದ್ದ. ಭತ್ತದ ಕಾಳಿನಷ್ಟಿದ್ದ ಆ ಕೊಕ್ಕೆಯಲ್ಲಿ ಈಗ ಅದೇ ಹೊಳಪು.

ಭಾನುವಾರ ಮಾತ್ರ ಮುಟ್ಟುವವಳ ಕೈಯಲ್ಲಿ ಉಕ್ಕು ಹೀಗಾಗುವುದಿಲ್ಲ. ಯಜಮಾನ ಭೂತಗನ್ನಡಿ ಕೆಳಗಿಟ್ಟ. ಸೊಸೆಯ ಕಡೆ ತಿರುಗಿದ.

"ಯಾವಾಗಮ್ಮ?" ಎಂದ.

"ಮಧ್ಯಾಹ್ನ, ಮಾವ. ನೀವೆಲ್ಲ ಮಲಗಿದ್ಮೇಲೆ."

ಲಾಯರ ಹೆಂಡತಿ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಅವಳ ಬಾಯಿ ತಾನಾಗಿ ಮುಚ್ಚಿದ್ದನ್ನು ಊರು ಕಂಡದ್ದು ಅದೊಂದೇ ಸಲ.

ಯಜಮಾನ ಎದ್ದು ಬಂದವರ ಕಡೆ ತಿರುಗಿದ. ಮೊದಲಿನ ಎದೆಯೇ, ಆದರೆ ಮಾತು ಬೇರೆ. ನನ್ನ ಸೊಸೆ ಹುಟ್ಟು ಗುರಿಗಾರ್ತಿ ಎಂದು ಇಷ್ಟು ದಿನ ಹೇಳಿದೆ, ಅದು ಸುಳ್ಳು, ಇವಳು ಬೆರಳಿನಿಂದ ಉಕ್ಕು ಸವೆಸಿದವಳು, ಬಂದು ನೋಡಿ ಎಂದ. ಆಳುಗಳು ನೋಡಿದರು, ಹೋಟೆಲಿನವರು ನೋಡಿದರು, ಬ್ಯಾಂಕಿನವರು ಎರಡೆರಡು ಸಲ ನೋಡಿದರು. ಅವಳ ಗಂಡ ಬಂದು ನೋಡಿ ಅಳಲು ಶುರುಮಾಡಿದ. ಅವನನ್ನು ಪಕ್ಕಕ್ಕೆ ಕೂರಿಸಿದರು.

ಅತ್ತೆ ಕೊನೆಗೆ ನೋಡಿದಳು. ಅವಳಿಗೆ ಭೂತಗನ್ನಡಿ ಹಿಡಿಯಲು ಬರಲಿಲ್ಲ, ಸೊಸೆಯೇ ಹಿಡಿದು ತೋರಿಸಿದಳು. ತಾನು ತೂಗಲು ಬಿಟ್ಟಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು ಎಂಬುದು ಆಕೆಗೆ ಅಲ್ಲಿಯೇ ಹೊಳೆಯಿತು. ಹೊಳೆದದ್ದನ್ನು ಆಕೆ ಹೇಳಿಕೊಳ್ಳಲಿಲ್ಲ. ಅಂಥ ಅತ್ತೆಯರು ಹೇಳಿಕೊಳ್ಳುವುದಿಲ್ಲ. ಒಂದು ವೀಳ್ಯದೆಲೆ ತಂದು, ಅದರ ಮೇಲೆ ಕೊಕ್ಕೆಯನ್ನಿಟ್ಟು, ತಕ್ಕಡಿಗಿಂತ ಮುಂದೆ, ಎಲ್ಲಕ್ಕಿಂತ ಮೊದಲು ಇಟ್ಟು ಕುಂಕುಮ ಹಚ್ಚಿದಳು. ಪಕ್ಕದಲ್ಲಿದ್ದ ಅರ್ಧ ಕೆಜಿ ಕಲ್ಲನ್ನು ಎತ್ತಿ ಸೊಸೆಯ ಕೈಗೆ ಕೊಟ್ಟು, ಇನ್ನು ಇದು ನಿನ್ನ ಕೋಣೆಯಲ್ಲಿರಲಿ ಎಂದಳು. ಹಿರಿಸೊಸೆ ಆರತಿ ಎತ್ತಿದಳು. ಅಲ್ಲಿಂದ ಮುಂದೆ ಆ ಮನೆಗೆ ಯಾರು ಹೋದರೂ ಕೊಕ್ಕೆ ನೋಡದೆ ಕಾಫಿಯಿಲ್ಲ. ನಾನೂ ನೋಡಿದ್ದೇನೆ. ಅತ್ತೆ ಎರಡು ಸಲ ತೋರಿಸಿದಳು.

ವಿಚಾರಣೆಯ ದಿನ ಯಜಮಾನ ಕೊಕ್ಕೆಯನ್ನು ತೆಗೆದುಕೊಂಡು ಹೋಗಿ, ನಾನು ಹೇಳಿದ್ದು ತಪ್ಪು, ಇದನ್ನು ನೋಡಿ ಎಂದು ತೀರ್ಪುಗಾರರ ಮುಂದಿಟ್ಟ. ಮೋಸ ಎಂಬ ಅನುಮಾನವನ್ನು ಹೊಡೆದುಹಾಕಿದರು. ಪದಕ ಬರಲಿಲ್ಲ. ಅವನು ಕೇಳಲೂ ಇಲ್ಲ. ತೂಕ ಕಡಿಮೆಯಿದ್ದದ್ದು ನಿಜ, ತೂಕದ ವಿಷಯದಲ್ಲಿ ನಮ್ಮ ಮನೆ ಯಾವತ್ತೂ ಚೌಕಾಸಿ ಮಾಡಿಲ್ಲ ಎಂದ. ಅದನ್ನೂ ಎದೆಯೆತ್ತಿ ಹೇಳಿದ. ಹೋಗಲಿ ಬಿಡು, ಅಷ್ಟು ಹೇಳುವ ಹಕ್ಕು ಅವನಿಗಿತ್ತು.

ಮನೆಗೆ ಬಂದ ಮೇಲೆ ಹಿರಿಸೊಸೆಯ ಪಿಸ್ತೂಲಿಗೆ ಹೊಸ ಕೊಕ್ಕೆ ಹಾಕಿಸಿದ. ಅದರ ಜೊತೆಗೆ, ನಿನಗೂ ಒಂದು ಬ್ಯಾಟರಿಯದು ತರಿಸುತ್ತೇನೆ, ಇನ್ನು ಸವೆಯುವ ಭಯವಿರುವುದಿಲ್ಲ ಎಂದ. ಅವಳು ಉತ್ತರ ಕೊಡುವ ಮೊದಲೇ ಕಿರಿಸೊಸೆ ತನ್ನ ಪಿಸ್ತೂಲು ತಂದು ಅವಳ ಮುಂದಿಟ್ಟಳು. ಊರು ಕಾದಿದ್ದ ಜಗಳ ಈಗ ಆಗುತ್ತದೆ ಎಂದು ಬಾಗಿಲಲ್ಲಿದ್ದವರು ಕತ್ತು ಉದ್ದ ಮಾಡಿದರು.

"ಅಕ್ಕ, ನಂದನ್ನ ಬಿಚ್ಚಿದ್ರೆ ಏನೂ ಕಾಣಲ್ಲ. ದಿನಾ ಹೊಡೆದ್ರೂ ಹೊಸದು, ವರ್ಷ ಮುಟ್ಟದೆ ಇದ್ರೂ ಹೊಸದು. ನಾನು ಎಷ್ಟು ಮಾಡಿದೀನಿ ಅಂತ ನನಗೇ ಗೊತ್ತಾಗಲ್ಲ. ನಿಮ್ಮದನ್ನ ನನಗೆ ಕೊಡಿ."

ಹಿರಿಸೊಸೆ ನಕ್ಕಳು.

"ತಗೋ. ನಿಂದು ನನಗಿರ್ಲಿ. ನನಗಿನ್ನು ಸಾಕ್ಷಿ ಬೇಡ, ಅಂಕ ಬೇಕು."

ಹೀಗೆ ಸ್ಪ್ರಿಂಗಿನದು ಕಿರಿಯವಳಿಗೆ ಹೋಯಿತು, ಬ್ಯಾಟರಿಯದು ಹಿರಿಯವಳಿಗೆ ಬಂತು. ಹೋಟೆಲಿನವರಿಗೂ ಬ್ಯಾಂಕಿನವರಿಗೂ ಈಗ ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ಹೋಯಿತು. ಮಧ್ಯಾಹ್ನ ಭತ್ತದ ಕೋಣೆಯಲ್ಲಿ ಇಬ್ಬರೂ ನಿಲ್ಲತೊಡಗಿದರು. ಬಾಗಿಲು ತೆರೆದೇ ಇರುತ್ತಿತ್ತು. ಮುಂದಿನ ವರ್ಷ ತಂಡದಲ್ಲಿ ಎರಡು ಜಾಗವಿತ್ತು, ಎರಡೂ ಇವರಿಗೇ ಬಂದವು. ಯಾರು ಮುಂದೆ, ಯಾರು ಹಿಂದೆ ಎಂದು ನನ್ನನ್ನು ಕೇಳಬೇಡ. ಅದರ ಮೇಲೆ ಆ ಊರಿನಲ್ಲಿ ಇನ್ನೂ ಹೊಡೆದಾಟವಾಗುತ್ತದೆ.

ಚನ್ನಾಜಮ್ಮನವರು ಇಲ್ಲಿಗೆ ನಿಲ್ಲಿಸಿದರು.

ಕತೆ ಚೆನ್ನಾಗಿದೆ, ಆದರೆ ತನ್ನ ಅಪ್ಪ ಈ ಭಾನುವಾರ ಅಂಗಡಿಗೆ ಹೋಗುತ್ತಾರೆ, ತಾನು ಒಂದು ಹೆಸರು ಹೇಳಲೇಬೇಕು ಎಂದಳು ಇಂಚರ. ಹಿರಿಸೊಸೆ ಕೊನೆಗೆ ಬ್ಯಾಟರಿಯದನ್ನೇ ಆರಿಸಿದಳಲ್ಲ, ಹಾಗಾದರೆ ಅದೇ ಒಳ್ಳೆಯದು ಎಂದು ತಿಳಿಯಲೇ ಎಂದು ಕೇಳಿದಳು.

ಚನ್ನಾಜಮ್ಮನವರು ಅವಳ ಮಡಿಲಲ್ಲಿದ್ದ ಕ್ಲಬ್ಬಿನ ಪಿಸ್ತೂಲನ್ನು ತೆಗೆದುಕೊಂಡರು. ಗುಂಡಿಲ್ಲವೆಂದು ನೋಡಿ ಮೇಜಿನ ಮೇಲೆ ಮಲಗಿಸಿದರು. ಪಕ್ಕದಲ್ಲಿ ಒಂದು ಬಿಳಿ ಬಟ್ಟೆ ಹಾಸಿದರು.

"ಮೊದಲು ಇದನ್ನು ಬಿಚ್ಚಿ ನೋಡೋಣವೇ, ಇಂಚರಾ?"

ಇಂಚರ ಪಿಸ್ತೂಲನ್ನು ಮತ್ತೆ ತನ್ನ ಮಡಿಲಿಗೆ ಎಳೆದುಕೊಂಡು, ಕೊಕ್ಕೆಯಲ್ಲಿ ಇನ್ನೂ ಹೊಳಪು ಬಂದಿರಲಿಕ್ಕಿಲ್ಲ ಎಂದಳು.